ಗೆದ್ದ ವರ್ಷದ ಸಾಲ

ಫುಟ್‌ಬಾಲ್ ಕ್ಲಬ್ಬಿನ ಲೆಕ್ಕಪತ್ರ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ತಾರೀಕುಗಳ ತೊಡಕು. ಯುರೋಪಿನಲ್ಲಿ ಆಟಗಾರರ ಜೊತೆ ಒಪ್ಪಂದ ಆಗುವುದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಮೂರು, ನಾಲ್ಕು, ಐದು ವರ್ಷಗಳ ಸಂಬಳಕ್ಕೆ ಅಂದೇ ಸಹಿ ಬೀಳುತ್ತದೆ. ಆ ಸಂಬಳ ಕೊಡುವಷ್ಟು ದುಡ್ಡು ಬರುತ್ತದೋ ಇಲ್ಲವೋ ಎಂದು ತಿಳಿಯುವುದು ಮುಂದಿನ ಮೇ ತಿಂಗಳಲ್ಲಿ, ತಂಡ ಎಷ್ಟನೇ ಸ್ಥಾನಕ್ಕೆ ಬಂದು ನಿಂತಿತು ಎನ್ನುವುದು ಖಾತ್ರಿಯಾದ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆಯ ಉದ್ದ ಗೊತ್ತಾಗುವ ಹೊತ್ತಿಗೆ ಕಾಲು ಚಾಚಿ ಹತ್ತು ತಿಂಗಳಾಗಿರುತ್ತದೆ.

ಕ್ಲಬ್ ನಡೆಸುವವರ ಧೈರ್ಯ, ಛಲದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸೋತ ವರ್ಷಗಳ ಕಥೆ ಹೇಳುತ್ತಾರೆ. ನನಗನ್ನಿಸುವಂತೆ ಕೆದಕಿ ನೋಡಬೇಕಾದ್ದು ಗೆದ್ದ ವರ್ಷವನ್ನು. ಬಿರುಕು ಬಿಡುವುದು ಆಗ. ಕಾಣಿಸುವುದು ಒಂದೆರಡು ವರ್ಷ ಬಿಟ್ಟು. ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್‌ನಷ್ಟು ಸ್ಪಷ್ಟವಾಗಿ ಇದನ್ನು ತೋರಿಸಿಕೊಡುವ ಕ್ಲಬ್ ಇನ್ನೊಂದಿಲ್ಲ. ಬಿದ್ದದ್ದೂ ಎದ್ದದ್ದೂ ಎರಡೂ ದಾಖಲೆಯಲ್ಲಿವೆ, ಏಕೆಂದರೆ ಅದು ಷೇರುಪೇಟೆಯಲ್ಲಿರುವ ಕ್ಲಬ್. ಲೆಕ್ಕ ಮುಚ್ಚಿಡುವಂತಿಲ್ಲ.

1995 ಮತ್ತು 1996ರಲ್ಲಿ ಜರ್ಮನ್ ಲೀಗ್, 1997ರ ಮೇ 28ರಂದು ಮ್ಯೂನಿಕ್‌ನಲ್ಲಿ ಯುವೆಂಟಸ್ ವಿರುದ್ಧ 3–1ರಿಂದ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್. ರೂರ್ ಕಣಿವೆಯ ಕಲ್ಲಿದ್ದಲು, ಉಕ್ಕಿನ ಊರಿನ ತಂಡ ಯುರೋಪಿನ ತುದಿಗೆ ಹೋಗಿ ಕೂತಿತ್ತು. ಅಧ್ಯಕ್ಷ ಗೆರ್ಡ್ ನೀಬೌಮ್, ವ್ಯವಸ್ಥಾಪಕ ಮಿಖಾಯೆಲ್ ಮೈಯರ್. ಅಲ್ಲೇ ಉಳಿಯಬೇಕಾದರೆ ಜರ್ಮನಿಯ ಅತಿ ಶ್ರೀಮಂತ ಕ್ಲಬ್ ಬಯರ್ನ್ ಮ್ಯೂನಿಕ್‌ನಷ್ಟೇ ಖರ್ಚು ಮಾಡಬೇಕು ಎನ್ನುವುದು ಇಬ್ಬರ ಲೆಕ್ಕ. 2000ದ ಅಕ್ಟೋಬರ್ 31ರಂದು ಕ್ಲಬ್ಬಿನ ಷೇರು ಪೇಟೆಗೆ ಬಂತು, ಒಂದಕ್ಕೆ 11 ಯೂರೋ. ಜರ್ಮನಿಯಲ್ಲಿ ಬೇರಾವ ಫುಟ್‌ಬಾಲ್ ಕ್ಲಬ್ಬೂ ಅದುವರೆಗೆ ಈ ಕೆಲಸ ಮಾಡಿರಲಿಲ್ಲ. ಕೈಗೆ ಬಂದದ್ದು ಸುಮಾರು 13 ಕೋಟಿ ಯೂರೋ.

ಆ ದುಡ್ಡಿನಲ್ಲಿ ಏನಾಯಿತು ನೋಡಿ. ನೈಕಿಯನ್ನು ಬಿಟ್ಟು ಸ್ವಂತ ಕ್ರೀಡಾ ಉಡುಪಿನ ಕಂಪನಿ. ಪ್ರವಾಸ ಏಜೆನ್ಸಿ. ಜೊತೆಗೆ ದುಬಾರಿ ಆಟಗಾರರು: ಇಟಲಿಯ ಪಾರ್ಮಾದಿಂದ ಬ್ರೆಜಿಲ್‌ನ ಮಾರ್ಸಿಯೊ ಅಮೊರೊಸೊ ಬಂದದ್ದು ಸುಮಾರು 2.5 ಕೋಟಿ ಯೂರೋಗೆ, ಆ ಕಾಲದ ಜರ್ಮನ್ ಲೀಗಿನ ದಾಖಲೆ. 2006ರ ವಿಶ್ವಕಪ್ ಬರಲಿದೆ ಎಂದು ಕ್ರೀಡಾಂಗಣದ ನಾಲ್ಕು ಮೂಲೆಗಳನ್ನೂ ತುಂಬಿ 80 ಸಾವಿರಕ್ಕೂ ಹೆಚ್ಚು ಜನ ಹಿಡಿಯುವಂತೆ ಕಟ್ಟಿದರು. 2002ರಲ್ಲಿ ಲೀಗ್ ಗೆದ್ದರು. ಮಾಡಿದ್ದೆಲ್ಲ ಸರಿ ಎಂದು ಸಾಬೀತಾದ ಹಾಗಾಯಿತು. ಅದೇ ಅಪಾಯ.

ಟ್ರಾನ್ಸ್‌ಫರ್ ಶುಲ್ಕ (ಆಟಗಾರನನ್ನು ಬಿಟ್ಟುಕೊಡಲು ಅವನ ಹಳೆಯ ಕ್ಲಬ್ಬಿಗೆ ಕೊಡುವ ದುಡ್ಡು) ಲೆಕ್ಕದ ಪುಸ್ತಕದಲ್ಲಿ ಒಂದೇ ಸಲ ಖರ್ಚಾಗಿ ಕಾಣುವುದಿಲ್ಲ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2.5 ಕೋಟಿ ಕೊಟ್ಟು ಐದು ವರ್ಷದ ಒಪ್ಪಂದ ಮಾಡಿಕೊಂಡರೆ ವರ್ಷಕ್ಕೆ 50 ಲಕ್ಷದಂತೆ ಐದು ವರ್ಷ ಬರೆಯುತ್ತಾರೆ. ಗೆದ್ದ ವರ್ಷದ ಲಾಭ–ನಷ್ಟದ ಪಟ್ಟಿಯಲ್ಲಿ ಕಾಣುವುದು ಹೊರೆಯ ಐದನೇ ಒಂದು ಭಾಗ. ಆಟಗಾರನ ಮಂಡಿ ಹೋದರೂ, ಕೋಚ್ ಬದಲಾಗಿ ಅವನು ಬೆಂಚಿಗೆ ಬಿದ್ದರೂ ಉಳಿದ ನಾಲ್ಕು ಭಾಗ ಬಂದೇ ಬರುತ್ತದೆ. ಸಂಬಳ ಬೇರೆ.

ಮುರಿದದ್ದು ಎಲ್ಲಿ ಎಂದು ಹುಡುಕುತ್ತಾ ಹೋದರೆ ಸಿಗುವುದು ಒಂದು ಸಪ್ಪೆ ಪಂದ್ಯ. 2003ರ ಮೇ ತಿಂಗಳಲ್ಲಿ ಲೀಗಿನ ಕೊನೆಯ ದಿನ, ಸ್ವಂತ ಅಂಗಣದಲ್ಲಿ, ಕೆಳದರ್ಜೆಗೆ ಇಳಿದಾಗಿದ್ದ ಎನರ್ಗಿ ಕಾಟ್‌ಬುಸ್ ವಿರುದ್ಧ 1–1. ಗೆದ್ದಿದ್ದರೆ ಎರಡನೇ ಸ್ಥಾನ, ಚಾಂಪಿಯನ್ಸ್ ಲೀಗ್‌ಗೆ ನೇರ ಪ್ರವೇಶ. ಡ್ರಾ ಆದದ್ದರಿಂದ ಸ್ಟುಟ್‌ಗಾರ್ಟ್‌ಗಿಂತ ಒಂದು ಪಾಯಿಂಟ್ ಹಿಂದೆ ಬಿದ್ದು ಮೂರನೇ ಸ್ಥಾನ, ಅಂದರೆ ಅರ್ಹತಾ ಸುತ್ತು. ಆಗಸ್ಟ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ಎದುರು ಎರಡೂ ಪಂದ್ಯ ಸೇರಿ ಸಮ, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಚಾಂಪಿಯನ್ಸ್ ಲೀಗ್ ದುಡ್ಡು ಬಂದೇ ಬರುತ್ತದೆ ಎಂದು ಕಟ್ಟಿದ್ದ ಬಜೆಟ್ ಆ ರಾತ್ರಿಗೆ ಮುಗಿಯಿತು. ಆಟಗಾರರು ಸಂಬಳದಲ್ಲಿ ಶೇ. 20ರಷ್ಟು ಕಡಿತಕ್ಕೆ ಒಪ್ಪಿಕೊಂಡರು. ಸಾಲಲಿಲ್ಲ.

ಅಷ್ಟರಲ್ಲಿ ಕ್ರೀಡಾಂಗಣದ ಬಹುಪಾಲನ್ನು ಮೊಲ್ಸಿರಿಸ್ ಎನ್ನುವ ರಿಯಲ್ ಎಸ್ಟೇಟ್ ನಿಧಿಗೆ ಮಾರಿ, ಅದನ್ನೇ ಬಾಡಿಗೆಗೆ ಹಿಡಿದಾಗಿತ್ತು. ಮಾರಿ ಬಾಡಿಗೆಗೆ ಹಿಡಿಯುವುದು ಹೊರನೋಟಕ್ಕೆ ಜಾಣತನದ ಹಾಗಿರುತ್ತದೆ. ಒಂದು ಸಲ ದೊಡ್ಡ ಮೊತ್ತ ಕೈಗೆ ಬರುತ್ತದೆ, ಆ ವರ್ಷದ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಕ್ಲಬ್ಬಿಗೆ ಇರುವ ಆದಾಯಗಳಲ್ಲಿ ಗೆಲುವು–ಸೋಲಿಗೆ ಹೆಚ್ಚು ಅಲ್ಲಾಡದ್ದು ಅಂಗಣದ ಟಿಕೆಟ್ ದುಡ್ಡೊಂದೇ. ಅಂಗಣ ಕೈಬಿಟ್ಟರೆ ಆ ಗಟ್ಟಿ ಆದಾಯದ ಎದುರಿಗೆ ಗಟ್ಟಿ ಬಾಡಿಗೆ ಬಂದು ಕೂರುತ್ತದೆ. ಉಳಿಯುವುದು ಟಿವಿ ದುಡ್ಡು ಮತ್ತು ಯುರೋಪಿಯನ್ ಟೂರ್ನಿಗಳ ದುಡ್ಡು, ಎರಡೂ ಸ್ಥಾನದ ಮೇಲೆ ನಿಂತವು. ಸಾಲ ಕೊಟ್ಟವರ ಮುಂದೆ ಅಡವಿಡಲು ಕೂಡ ಏನೂ ಇರುವುದಿಲ್ಲ. ಬಯರ್ನ್ ಮ್ಯೂನಿಕ್ ಆ ದಿನಗಳಲ್ಲಿ ಡಾರ್ಟ್‌ಮಂಡ್‌ಗೆ 20 ಲಕ್ಷ ಯೂರೋ ಕೈಸಾಲ ಕೊಟ್ಟಿತ್ತು ಎನ್ನುವುದು ಬಹಳ ವರ್ಷಗಳ ಮೇಲೆ ಹೊರಬಂತು. ಯಾರ ಮಟ್ಟಕ್ಕೆ ಏರಬೇಕೆಂದು ಇಷ್ಟೆಲ್ಲ ಖರ್ಚು ಮಾಡಿದರೋ ಅವರಿಂದಲೇ ಸಾಲ.

ನೀಬೌಮ್ 2004ರ ನವೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಬಂದವರು ರೈನ್‌ಹಾರ್ಡ್ ರೌಬಾಲ್, ವಕೀಲರು, ಹಿಂದೆಯೂ ಅಧ್ಯಕ್ಷರಾಗಿದ್ದವರು. 2005ರ ಫೆಬ್ರುವರಿಯಲ್ಲಿ ವ್ಯವಹಾರದ ಹೊಣೆ ಹಾನ್ಸ್ ಯೋಆಖಿಮ್ ವಾಟ್ಸ್ಕೆ ಕೈಗೆ ಬಂತು. ವಾಟ್ಸ್ಕೆ ಕೆಲಸಗಾರರ ಸಮವಸ್ತ್ರ ತಯಾರಿಸುವ ಸ್ವಂತ ಕಂಪನಿ ನಡೆಸುತ್ತಿದ್ದ ಉದ್ಯಮಿ, ಕೆಲವು ವರ್ಷಗಳಿಂದ ಕ್ಲಬ್ಬಿನ ಖಜಾಂಚಿ. ಬಂದ ಕೆಲವೇ ದಿನಗಳಲ್ಲಿ ಕ್ಲಬ್ ತನ್ನ ಅಸ್ತಿತ್ವಕ್ಕೇ ಅಪಾಯವಿದೆ ಎಂದು ಬಹಿರಂಗವಾಗಿ ಹೇಳಿತು. ಸಾಲ 10 ಕೋಟಿ ಯೂರೋ ದಾಟಿತ್ತು. ಆ ಬಹಿರಂಗ ಹೇಳಿಕೆಯೇ ಮೊದಲ ಸರಿಯಾದ ಹೆಜ್ಜೆ ಎಂದು ನನ್ನ ಅಭಿಪ್ರಾಯ. ಮುಚ್ಚಿಟ್ಟ ಕ್ಲಬ್ಬಿನ ಮೇಲೆ ಸಾಲ ಕೊಟ್ಟ ಒಬ್ಬೊಬ್ಬನೂ ತನ್ನ ದುಡ್ಡಷ್ಟೇ ನೋಡಿಕೊಂಡು ಗುಟ್ಟಾಗಿ ಒತ್ತಡ ಹಾಕುತ್ತಾನೆ. ಎಲ್ಲರಿಗೂ ಒಟ್ಟಿಗೆ ಗೊತ್ತಾದಾಗ ಮಾತ್ರ ಎಲ್ಲರೂ ಒಟ್ಟಿಗೆ ಕೈ ತಡೆಯುವ ಒಪ್ಪಂದ ಸಾಧ್ಯ.

ಇಂಥ ಹೊತ್ತಿನಲ್ಲಿ ಮಾಡುವ ಕೆಲಸ ಯಾವ ಉದ್ಯಮದಲ್ಲಾದರೂ ಒಂದೇ ಬಗೆಯದು, ನೋಡಲು ನೀರಸ. ಮುಂದಿನ 13 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಬ್ಯಾಂಕಿಗೆ ಬರುವ ನಗದಿನ ಲೆಕ್ಕದಲ್ಲಿ ಬರೆಯುವುದು. ಪುಸ್ತಕದ ಲಾಭಕ್ಕೆ ಇಲ್ಲಿ ಬೆಲೆ ಇಲ್ಲ. ಕೊಡಬೇಕಾದ್ದನ್ನು ಬೇರೆ ಮಾಡುವುದು: ಕೊಡದಿದ್ದರೆ ಆಟವೇ ನಿಲ್ಲುವಂಥದ್ದು ಒಂದು ಕಡೆ (ಸಂಬಳ, ತೆರಿಗೆ, ವಿಮೆ, ಪಂದ್ಯದ ದಿನದ ಭದ್ರತೆ), ಮುಂದೂಡಬಹುದಾದ್ದು ಇನ್ನೊಂದು ಕಡೆ. ಅತಿ ದೊಡ್ಡ ಸಾಲ ಕೊಟ್ಟವನನ್ನು ಮೊದಲು ಕೂರಿಸಿ ಮಾತಾಡುವುದು, ಏಕೆಂದರೆ ಅವನು ಒಪ್ಪದಿದ್ದರೆ ಸಣ್ಣವರ ಜೊತೆಗಿನ ಮಾತೆಲ್ಲ ವ್ಯರ್ಥ. ಸಾಮಾನ್ಯವಾಗಿ ತಪ್ಪು ಆಗುವುದು ಇಲ್ಲೇ. ಮುಜುಗರ ಕಡಿಮೆ ಎಂದು ಸಣ್ಣವರಿಂದ ಶುರು ಮಾಡುತ್ತಾರೆ.

ಡಾರ್ಟ್‌ಮಂಡ್‌ನ ಅತಿ ದೊಡ್ಡ ಕಗ್ಗಂಟು ಆ ಮೊಲ್ಸಿರಿಸ್ ನಿಧಿ. ಅದರಲ್ಲಿ ಹಣ ಹೂಡಿದವರು ಒಬ್ಬಿಬ್ಬರಲ್ಲ, ಸಾವಿರಾರು ಜನ. ಅವರಲ್ಲಿ ಹೆಚ್ಚಿನವರಿಗೆ ಫುಟ್‌ಬಾಲ್ ಜೊತೆ ಯಾವ ಸಂಬಂಧವೂ ಇರಲಿಲ್ಲ. ಬಾಡಿಗೆಯನ್ನು ಮುಂದಕ್ಕೆ ಹಾಕಲು ಅವರೇ ಮತ ಹಾಕಬೇಕಿತ್ತು. 2005ರ ಮಾರ್ಚ್ 14ರಂದು ಡ್ಯೂಸಲ್‌ಡಾರ್ಫ್ ವಿಮಾನ ನಿಲ್ದಾಣದ ಸಭಾಂಗಣದಲ್ಲಿ ಸಭೆ. ಬೇಡ ಎಂದರೆ ದಿವಾಳಿ, ದಿವಾಳಿಯಾದರೆ ಲೀಗಿನ ಲೈಸೆನ್ಸ್ ಹೋಗಿ ಹವ್ಯಾಸಿ ದರ್ಜೆಗೆ ಇಳಿಯುವ ಸಂಭವ. ಕ್ಲಬ್ಬೇ ಇಲ್ಲದ ಅಷ್ಟು ದೊಡ್ಡ ಅಂಗಣವನ್ನು ಬೇರಾರೂ ಬಾಡಿಗೆಗೆ ಹಿಡಿಯುವುದಿಲ್ಲ ಎನ್ನುವುದು ಹೂಡಿಕೆದಾರರಿಗೂ ಅರ್ಥವಾಯಿತು. ಶೇ. 94ಕ್ಕೂ ಹೆಚ್ಚು ಮತ ಪರವಾಗಿ ಬಿತ್ತು. ಅಭಿಮಾನ ಅಲ್ಲಿ ಕೆಲಸ ಮಾಡಿತು ಎಂದು ಹೇಳುವವರಿದ್ದಾರೆ. ನನಗೆ ಕಾಣುವುದು ಬಾಡಿಗೆದಾರನನ್ನು ಕಳೆದುಕೊಳ್ಳುವ ಮಾಲೀಕನ ಭಯ, ಅದನ್ನು ಸರಿಯಾಗಿ ಅಂದಾಜು ಮಾಡಿದ ವಾಟ್ಸ್ಕೆ ಮತ್ತು ರೌಬಾಲ್.

ಆಮೇಲಿನ ಮೂರು ವರ್ಷ ಯಾರೂ ಹಾಡಿ ಹೊಗಳದ ವರ್ಷಗಳು. ಅಂಗಣದ ಹೆಸರನ್ನು ವಿಮಾ ಕಂಪನಿಗೆ ಮಾರಿದರು; 2005ರ ಡಿಸೆಂಬರ್‌ನಿಂದ ವೆಸ್ಟ್‌ಫಾಲೆನ್‌ಸ್ಟಾಡಿಯೊನ್ ಹೋಗಿ ಸಿಗ್ನಲ್ ಇಡೂನಾ ಪಾರ್ಕ್ ಬಂತು. ಅಭಿಮಾನಿಗಳಿಗೆ ನೋವಾಯಿತು, ಆದರೆ ಹೆಸರು ಮಾರಿದರೆ ಬಾಡಿಗೆ ಕಟ್ಟಬೇಕಾಗಿಲ್ಲವಲ್ಲ. 2006ರಲ್ಲಿ ಮಾರ್ಗನ್ ಸ್ಟಾನ್ಲಿಯಿಂದ ಸುಮಾರು 7.9 ಕೋಟಿ ಯೂರೋ ದೀರ್ಘಾವಧಿ ಸಾಲ ಪಡೆದು ಕ್ರೀಡಾಂಗಣವನ್ನು ವಾಪಸ್ ಕೊಂಡರು. ಎರಡು ವರ್ಷದ ಮೇಲೆ ಮಾರುಕಟ್ಟೆ ಹಕ್ಕುಗಳನ್ನು (ಜಾಹೀರಾತು, ಪ್ರಾಯೋಜಕತ್ವ ಮಾರುವ ಹಕ್ಕು) ಸ್ಪೋರ್ಟ್‌ಫೈವ್ ಕಂಪನಿಗೆ ಬಹುವರ್ಷಕ್ಕೆ ಕೊಟ್ಟು, ಮುಂಗಡವಾಗಿ ಬಂದ ದುಡ್ಡಿನಲ್ಲಿ ಆ ಸಾಲ ತೀರಿಸಿದರು. ಆಟಗಾರರನ್ನೂ ಮಾರಿದರು, ರೊಸಿತ್ಸ್ಕಿ 2006ರಲ್ಲಿ ಆರ್ಸೆನಲ್‌ಗೆ ಹೋದದ್ದು ಹಾಗೆ. 2005ರಿಂದ ಲೀಗಿನಲ್ಲಿ ಸ್ಥಾನಗಳು ಹೀಗಿದ್ದವು: ಏಳು, ಏಳು, ಒಂಬತ್ತು, 2008ರಲ್ಲಿ ಹದಿಮೂರು.

ಮುಟ್ಟದೆ ಬಿಟ್ಟದ್ದನ್ನೂ ನೋಡಬೇಕು. ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಜನ ನಿಂತೇ ಪಂದ್ಯ ನೋಡುತ್ತಾರೆ, ಟಿಕೆಟ್ ಇಂಗ್ಲೆಂಡಿಗೆ ಹೋಲಿಸಿದರೆ ತೀರಾ ಅಗ್ಗ. ಸಾಲದಲ್ಲಿ ಮುಳುಗಿದವನ ಕೈ ಮೊದಲು ಅತ್ತಲೇ ಹೋಗಬೇಕು: ಕುರ್ಚಿ ಹಾಕು, ದರ ಏರಿಸು. ಹಾಗೆ ಮಾಡಲಿಲ್ಲ. ಹದಿಮೂರನೇ ಸ್ಥಾನದ ವರ್ಷದಲ್ಲೂ ಅಂಗಣ ತುಂಬಿದ್ದರೆ ಅದಕ್ಕೆ ಆ ನಿರ್ಧಾರ ಕಾರಣ. ತುಂಬಿದ ಅಂಗಣ ಇದ್ದುದರಿಂದಲೇ ಹೆಸರಿಗೂ ಹಕ್ಕುಗಳಿಗೂ ಬೆಲೆ ಸಿಕ್ಕಿತು. ಕಿರಿಯರ ತರಬೇತಿಯನ್ನೂ ನಿಲ್ಲಿಸಲಿಲ್ಲ. ನೂರಿ ಶಾಹಿನ್ 2005ರ ಆಗಸ್ಟ್‌ನಲ್ಲಿ ಇನ್ನೂ 17 ತುಂಬುವ ಮೊದಲೇ ಲೀಗಿಗೆ ಇಳಿದ. ಹಳೆಯ ಆಡಳಿತದ ಕಾಲದ ಕ್ರೀಡಾ ನಿರ್ದೇಶಕ ಮಿಖಾಯೆಲ್ ತ್ಸೋರ್ಕ್‌ರನ್ನು ತೆಗೆಯದೆ ಉಳಿಸಿಕೊಂಡರು. ಹೊಸದಾಗಿ ಬಂದವರು ಹಳಬರನ್ನೆಲ್ಲ ಗುಡಿಸಿ ಹಾಕುವುದು ನಮ್ಮಲ್ಲೂ ಕಾಣುವ ಚಾಳಿ. ಆದರೆ ಯಾವ ಏಜೆಂಟ್ ಸುಳ್ಳು ಹೇಳುತ್ತಾನೆ, ಯಾವ ಊರಿನ ಸ್ಕೌಟ್ (ಹೊಸ ಆಟಗಾರರನ್ನು ಹುಡುಕುವವನು) ಮಾತು ನಂಬಬಹುದು ಎನ್ನುವ ತಿಳಿವಳಿಕೆ ಕಾಗದದಲ್ಲಿ ಇರುವುದಿಲ್ಲ, ಮನುಷ್ಯರ ತಲೆಯಲ್ಲಿ ಇರುತ್ತದೆ.

2008ರಲ್ಲಿ ಯೂರ್ಗನ್ ಕ್ಲಾಪ್ ಕೋಚ್ ಆಗಿ ಬಂದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ, ಅದಕ್ಕೇ ಕೊಂಚ ಬೇಗ ಹೇಳುತ್ತೇನೆ. ಓಡುವ, ಎದುರಾಳಿಯ ಮೇಲೆ ಮುಗಿಬೀಳುವ ಆಟಕ್ಕೆ ಕಿರಿಯ ಕಾಲುಗಳೇ ಬೇಕು. ಕ್ಲಬ್ಬಿಗೆ ಕೊಳ್ಳಲು ಸಾಧ್ಯವಿದ್ದದ್ದೂ ಕಿರಿಯರನ್ನೇ. ಬಡತನಕ್ಕೂ ಆಟದ ಶೈಲಿಗೂ ತಾಳೆಯಾದದ್ದು ಅಪರೂಪದ ಅದೃಷ್ಟ. ಶಿಂಜಿ ಕಗಾವಾ ಜಪಾನಿನಿಂದ ಬಂದದ್ದು 3.5 ಲಕ್ಷ ಯೂರೋಗೆ, ಅಂದರೆ ಅಮೊರೊಸೊಗೆ ಕೊಟ್ಟದ್ದರ ಎಪ್ಪತ್ತನೇ ಒಂದು ಭಾಗಕ್ಕೆ. ಹುಮ್ಮೆಲ್ಸ್, ಸುಬೊಟಿಚ್, ಲೆವಾಂಡೋಸ್ಕಿ ತಲಾ 50 ಲಕ್ಷದ ಒಳಗೆ. 2011ರಲ್ಲಿ ಲೀಗ್. 2012ರಲ್ಲಿ ಲೀಗ್ ಮತ್ತು ಜರ್ಮನ್ ಕಪ್ ಎರಡೂ. 2013ರಲ್ಲಿ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಬಯರ್ನ್‌ಗೆ 2–1ರ ಸೋಲು.

ನನಗೆ ಹೆಚ್ಚು ಕುತೂಹಲ ಇರುವುದು ಈ ಎರಡನೆಯ ಗೆಲುವಿನ ಕಾಲದಲ್ಲಿ ಏನು ಮಾಡಿದರು ಎನ್ನುವುದರಲ್ಲಿ, ಪರೀಕ್ಷೆ ಅಲ್ಲಿರುವುದು. 2013ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಸೆಮಿಫೈನಲ್‌ಗೆ ಒಂದು ದಿನ ಮೊದಲು ಮಾರಿಯೊ ಗ್ಯೋಟ್ಸೆ ಬಯರ್ನ್‌ಗೆ ಹೋಗುವ ಸುದ್ದಿ ಹೊರಬಿತ್ತು. ಒಪ್ಪಂದದಲ್ಲಿ 3.7 ಕೋಟಿ ಯೂರೋ ಕೊಟ್ಟವರಿಗೆ ಬಿಟ್ಟುಕೊಡಬೇಕು ಎನ್ನುವ ಷರತ್ತು ಇತ್ತು, ಹಾಗಾಗಿ ಕ್ಲಬ್ ತಡೆಯುವಂತಿರಲಿಲ್ಲ. ಇಂಥ ಷರತ್ತು ಯಾಕೆ ಹಾಕುತ್ತಾರೆ? ದೊಡ್ಡ ಸಂಬಳ ಕೊಡಲಾಗದ ಕ್ಲಬ್ ಹುಡುಗನನ್ನು ಸಹಿ ಹಾಕಿಸಲು ಕೊಡುವ ಬೆಲೆ ಅದು: ಸಂಬಳ ಕಡಿಮೆ, ಬಾಗಿಲು ತೆರೆದಿದೆ. ಗ್ಯೋಟ್ಸೆ ಕ್ಲಬ್ಬಿನ ಕಿರಿಯರ ತಂಡದಲ್ಲೇ ಬೆಳೆದವನಾದ್ದರಿಂದ ಪುಸ್ತಕದಲ್ಲಿ ಅವನ ಕೊಂಡ ಬೆಲೆ ಸೊನ್ನೆ. ಬಂದ ಶುಲ್ಕ ಬಹುಪಾಲು ಲಾಭವೇ. ಮರುದಿನ ಲೆವಾಂಡೋಸ್ಕಿ ನಾಲ್ಕು ಗೋಲ್ ಹೊಡೆದು ತಂಡ 4–1ರಿಂದ ಗೆದ್ದಿತು. ಅದೇ ಬೇಸಿಗೆಯಲ್ಲಿ ಬಯರ್ನ್ ಅವನನ್ನೂ ಕೇಳಿತು. ಅವನಿಗೆ ಆ ಷರತ್ತಿರಲಿಲ್ಲ, ಒಪ್ಪಂದ ಇನ್ನೊಂದು ವರ್ಷ ಬಾಕಿ ಇತ್ತು. ವಾಟ್ಸ್ಕೆ ಬಿಡಲಿಲ್ಲ. 2014ರಲ್ಲಿ ಒಂದು ಪೈಸೆ ಶುಲ್ಕವಿಲ್ಲದೆ ಅವನು ಹೋದ. ಸಾಲ ಇದ್ದ ಕ್ಲಬ್ಬಿಗೆ ಹಾಗೆ ಮಾಡಲು ಆಗುತ್ತಿರಲಿಲ್ಲ. ಒಂದು ವರ್ಷದ ಗೋಲುಗಳಿಗಾಗಿ ಕೋಟಿಗಟ್ಟಲೆ ಯೂರೋ ಬಿಟ್ಟುಕೊಡುವ ಸ್ವಾತಂತ್ರ್ಯ ಆ ನೀರಸ ವರ್ಷಗಳಲ್ಲಿ ಗಳಿಸಿದ್ದು.

ದುಡ್ಡಿನ ಲೆಕ್ಕದಿಂದ ಉತ್ತರ ಸಿಗದ ಸಂಗತಿಯೂ ಈ ಕ್ಲಬ್ಬಿಗೆ ಎದುರಾಯಿತು. 2017ರ ಏಪ್ರಿಲ್ 11ರಂದು ಮೊನಾಕೊ ವಿರುದ್ಧದ ಪಂದ್ಯಕ್ಕೆ ಹೋಟೆಲಿನಿಂದ ಹೊರಟ ತಂಡದ ಬಸ್ಸಿನ ಪಕ್ಕದಲ್ಲಿ, ಬೇಲಿಯೊಳಗೆ ಅಡಗಿಸಿಟ್ಟಿದ್ದ ಮೂರು ಬಾಂಬ್ ಸಿಡಿದವು. ಆಟಗಾರ ಮಾರ್ಕ್ ಬಾರ್ಟ್ರಾನ ಮಣಿಕಟ್ಟು ಮುರಿಯಿತು, ಜೊತೆಗಿದ್ದ ಪೊಲೀಸ್ ಸಿಬ್ಬಂದಿಯೊಬ್ಬರಿಗೂ ಗಾಯವಾಯಿತು. ಮೊದಲು ಭಯೋತ್ಪಾದನೆ ಎಂದುಕೊಂಡರು. ಆಮೇಲೆ ಸಿಕ್ಕಿಬಿದ್ದವನು ಕ್ಲಬ್ಬಿನ ಷೇರು ಬೆಲೆ ಕುಸಿದರೆ ಲಾಭ ಬರುವಂಥ ಆಪ್ಷನ್‌ಗಳನ್ನು ಸಾಲ ಮಾಡಿ ಕೊಂಡಿದ್ದವನು. ಕ್ಲಬ್ಬನ್ನು ಷೇರುಪೇಟೆಗೆ ಒಯ್ಯುವಾಗ ಯಾವ ಅಪಾಯದ ಪಟ್ಟಿಯಲ್ಲೂ ಇದು ಇದ್ದಿರಲಾರದು. ಅವನಿಗೆ 14 ವರ್ಷ ಶಿಕ್ಷೆಯಾಯಿತು.

ಪಂದ್ಯವನ್ನು ಮರುದಿನ ಸಂಜೆಗೇ ಇಟ್ಟರು. ತಂಡ 3–2ರಿಂದ ಸೋತಿತು. ತಮಗೆ ಇನ್ನಷ್ಟು ಸಮಯ ಬೇಕಿತ್ತು, ತಮ್ಮನ್ನು ಯಾರೂ ಕೇಳಲಿಲ್ಲ ಎಂದು ಕೋಚ್ ಥಾಮಸ್ ಟೂಖೆಲ್ ಬಹಿರಂಗವಾಗಿ ಹೇಳಿದರು. ವಾಟ್ಸ್ಕೆ ಜೊತೆಗಿನ ಬಿರುಕು ಅಲ್ಲಿಂದ ಅಗಲವಾಯಿತು. ಮೇ 27ರಂದು ಜರ್ಮನ್ ಕಪ್ ಗೆದ್ದು, ಮೂರು ದಿನದಲ್ಲಿ ಟೂಖೆಲ್ ಹೊರನಡೆದರು. ಟೂರ್ನಿಯ ವೇಳಾಪಟ್ಟಿಯಲ್ಲಿ ಬೇರೆ ದಿನ ಇರಲಿಲ್ಲ ಎನ್ನುವ ವಾದದಲ್ಲಿ ಹುರುಳಿದೆ. ಆದರೂ ಆ ರಾತ್ರಿ ಬಸ್ಸಿನಲ್ಲಿದ್ದವರನ್ನು ಒಂದು ಕೋಣೆಯಲ್ಲಿ ಕೂರಿಸಿ ಕೇಳಲು ಅರ್ಧ ಗಂಟೆ ಸಾಕಾಗುತ್ತಿತ್ತು. ಸಾವಿರಾರು ಹೂಡಿಕೆದಾರರ ಮನಸ್ಸು ಸರಿಯಾಗಿ ಓದಿದ ಆಡಳಿತವೇ ತನ್ನ ಇಪ್ಪತ್ತೈದು ಜನರ ಮನಸ್ಸು ಓದುವುದರಲ್ಲಿ ಎಡವಿತು. ಎರಡೂ ಬೇರೆ ಬೇರೆ ಕೌಶಲ, ಒಬ್ಬನಲ್ಲೇ ಎರಡೂ ಇರಬೇಕೆಂದು ಬಯಸುವುದು ನಮ್ಮ ತಪ್ಪೂ ಇರಬಹುದು.

ನಮ್ಮ ಕಡೆಗೆ ಬಂದರೆ, 2020ರಲ್ಲಿ ಇದೇ ಡಾರ್ಟ್‌ಮಂಡ್ ಜೊತೆ ಸಹಭಾಗಿತ್ವ ಮಾಡಿಕೊಂಡದ್ದು ಹೈದರಾಬಾದ್ ಎಫ್‌ಸಿ. 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್, ದೇಶದ ಮೇಲ್ದರ್ಜೆಯ ಲೀಗ್) ಗೆದ್ದಿತು, ಮುಂದಿನ ವರ್ಷ ಲೀಗ್ ಪಟ್ಟಿಯಲ್ಲಿ ಎರಡನೇ ಸ್ಥಾನ. 2023–24ರಲ್ಲಿ 22 ಪಂದ್ಯಗಳಿಂದ ಎಂಟೇ ಪಾಯಿಂಟ್, ಗೆದ್ದದ್ದು ಒಂದು. ಸಂಬಳ ಬಾಕಿ, ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ನಿರ್ಬಂಧ, ವಿದೇಶಿಯರೂ ಹಿರಿಯರೂ ಒಬ್ಬೊಬ್ಬರಾಗಿ ಖಾಲಿ. ಕೋಚ್ ಥಾಂಗ್‌ಬೊಯ್ ಸಿಂಗ್ಟೊ ಉಳಿದ ಹುಡುಗರನ್ನು ಕಟ್ಟಿಕೊಂಡು ಸೀಸನ್ ಮುಗಿಸಿದ್ದು ಮೆಚ್ಚಬೇಕಾದ ಕೆಲಸ, ಆದರೆ ಕೋಚ್‌ನ ತಾಳ್ಮೆಯಿಂದ ಕ್ಲಬ್ ಉಳಿಯುವುದಿಲ್ಲ. ಡಾರ್ಟ್‌ಮಂಡ್‌ಗೆ ಮಾರಲು ಅಂಗಣದ ಹೆಸರಿತ್ತು, ತುಂಬಿದ ಗ್ಯಾಲರಿ ಇತ್ತು, ಆಡಳಿತ ಬದಲಿಸುವ ಅಧಿಕಾರ ಇದ್ದ ಸದಸ್ಯರಿದ್ದರು, ಮುಂದಿನ ಸೀಸನ್ ಪೂರ್ತಿಗೆ ನಗದು ಎಲ್ಲಿದೆ ತೋರಿಸು ಎಂದು ಲೈಸೆನ್ಸ್‌ಗೆ ಮೊದಲು ಕೇಳುವ ಲೀಗ್ ಇತ್ತು. ಇಲ್ಲಿ ಇದ್ದದ್ದು ಮಾಲೀಕರ ಜೇಬು. ಅದು ಬರಿದಾದ ಮೇಲೆ ಮಾರಲು ಉಳಿಯುವುದು ಲೀಗಿನಲ್ಲಿ ಆಡುವ ಹಕ್ಕೊಂದೇ. 2024ರಲ್ಲಿ ಹೊಸ ಮಾಲೀಕರು ಬಂದರು, ಮರುವರ್ಷ ಕ್ಲಬ್ ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು.

ಮಾಲೀಕರ ಜೇಬು ಗಟ್ಟಿ ಇದ್ದರೂ ಸಾಲದು ಎನ್ನುವುದಕ್ಕೆ ಬೆಂಗಳೂರು ಎಫ್‌ಸಿ ಇದೆ. ಜೆಎಸ್‌ಡಬ್ಲ್ಯು ಒಡೆತನದ ಈ ಕ್ಲಬ್ 2013ರಲ್ಲಿ ಹುಟ್ಟಿ, ಮೊದಲ ಸೀಸನ್ನಿನಲ್ಲೇ ಆಗ ದೇಶದ ಮುಖ್ಯ ಲೀಗಾಗಿದ್ದ ಐ–ಲೀಗ್ ಗೆದ್ದು, 2019ರಲ್ಲಿ ಐಎಸ್‌ಎಲ್ ಕೂಡ ಗೆದ್ದದ್ದು. 2025ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ 15 ವರ್ಷದ ಒಪ್ಪಂದ ಮುಗಿಯುತ್ತ ಬಂದು, ಹೊಸದು ಆಗದೆ, ಜುಲೈನಲ್ಲಿ ಲೀಗೇ ಅತಂತ್ರವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಿರಿಯರ ತಂಡಗಳು, ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂದೂ ಅದೇ ಹೇಳಿಕೆಯಲ್ಲಿತ್ತು. ಆಟಗಾರರಿಗೆ ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಮನೆ ಸಾಲದ ಕಂತು ಕಟ್ಟುವ ಫಿಸಿಯೋಗೆ ಇನ್ನೂ ಹೆಚ್ಚು. ಯಾವುದನ್ನು ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂಬ ಸರದಿಯನ್ನು ಮಾತ್ರ ನಾನು ತಪ್ಪೆನ್ನಲಾರೆ. ಹತ್ತು ವರ್ಷದ ಹುಡುಗರ ತರಬೇತಿ ಒಮ್ಮೆ ನಿಂತರೆ ಆ ತಲೆಮಾರು ವಾಪಸ್ ಬರುವುದಿಲ್ಲ.

ಲೀಗ್ ಕೊನೆಗೆ ಶುರುವಾದದ್ದು 2026ರ ಫೆಬ್ರುವರಿ 14ರಂದು. 14 ಕ್ಲಬ್, ಒಬ್ಬರ ವಿರುದ್ಧ ಒಂದೇ ಪಂದ್ಯ, ಒಟ್ಟು 91. ಅಂದರೆ ಒಂದು ಕ್ಲಬ್ಬಿಗೆ ಲೀಗ್ ಹಂತದಲ್ಲಿ 13 ಪಂದ್ಯ. ಹಿಂದಿನ ಸೀಸನ್ನಿನಲ್ಲಿ 24 ಇತ್ತು. ಟಿಕೆಟ್ ಮಾರುವ ದಿನಗಳು, ಪ್ರಾಯೋಜಕರ ಹೆಸರು ಟಿವಿಯಲ್ಲಿ ಕಾಣುವ ಗಂಟೆಗಳು ಹೆಚ್ಚುಕಡಿಮೆ ಅರ್ಧ. ತರಬೇತಿ ಮೈದಾನದ ಬಾಡಿಗೆ, ಫಿಸಿಯೋ, ಹಾಸ್ಟೆಲ್ ಊಟ ಹನ್ನೆರಡು ತಿಂಗಳದ್ದೇ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ತನ್ನ ಟೂರ್ನಿಗಳಲ್ಲಿ ಆಡುವ ಕ್ಲಬ್ಬುಗಳಿಗೆ ಸಂಬಳ, ಟ್ರಾನ್ಸ್‌ಫರ್, ಏಜೆಂಟ್ ಖರ್ಚೆಲ್ಲ ಸೇರಿ ಆದಾಯದ ಶೇ. 70 ದಾಟಬಾರದು ಎನ್ನುವ ಮಿತಿ ಹಾಕಿದೆ. ಆ ಗೆರೆಯನ್ನು ನಮ್ಮಲ್ಲಿ ತಂದು ಎಳೆಯಬೇಕಾದರೆ ಮೊದಲು ಮುಂದಿನ ವರ್ಷ ಎಷ್ಟು ಪಂದ್ಯ ಎಂದು ಯಾರಾದರೂ ಹೇಳಬೇಕು. ಆ ಒಂದು ಸಂಖ್ಯೆ ಜೂನ್ ಒಳಗೆ ಕೈಗೆ ಸಿಗದಿದ್ದರೆ ಎಂಥ ಸಮರ್ಥ ಸಿಇಒ ಬಂದರೂ ಆಟಗಾರನ ಮುಂದೆ ಇಡಬಹುದಾದ ಒಪ್ಪಂದ ಒಂದೇ: ಮೂಲ ಸಂಬಳ ಕಡಿಮೆ, ಆಡಿದ ಪಂದ್ಯಕ್ಕೆ ಇಷ್ಟು, ಲೀಗ್ ನಡೆಯದಿದ್ದರೆ ಇಷ್ಟು ತಿಂಗಳ ಸಂಬಳ ಖಾತ್ರಿ ಎಂದು ಸಾಲು ಸಾಲಾಗಿ ಬರೆದದ್ದು. ಏಜೆಂಟರು ಗೊಣಗುತ್ತಾರೆ. ಸಹಿ ಹಾಕುವ ಮೊದಲೇ ಗೊಣಗಲಿ.